ಮಕ್ಕಳ ಮೆದುಳಿನ ಗಡ್ಡೆ ಮತ್ತು ರೇಡಿಯೇಷನ್: ಮೈಸೂರು, ಮಂಡ್ಯ ಕಡೆಯ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಜೀವವಿಜ್ಞಾನ ಕಲಿಸುವವಳು, ಡಾಕ್ಟರ್ ಅಲ್ಲ. ಕಿರಣ ಬಿದ್ದಾಗ ಜೀವಕೋಶದಲ್ಲಿ ಏನಾಗುತ್ತದೆ ಎನ್ನುವುದು ನಾನು ಓದಿದ ವಿಷಯ. ಅದು ಗೊತ್ತಿರುವ ಗುರುತಿನವರು, ಅವರ ನೆಂಟರು ಮದ್ದೂರು, ಪಾಂಡವಪುರ, ನಂಜನಗೂಡು ಕಡೆಯಿಂದ ಫೋನ್ ಮಾಡುತ್ತಾರೆ. ಡಾಕ್ಟರ್ ಎಲ್ಲ ಹೇಳಿರುತ್ತಾರೆ. ಆದರೆ ಮಗುವಿನ ತಲೆಯಲ್ಲಿ ಗಡ್ಡೆ ಇದೆ ಅಂತ ಕೇಳಿದ ಗಳಿಗೆಯಲ್ಲಿ ಉಳಿದ ಮಾತು ಯಾರ ಕಿವಿಗೂ ಹೋಗುವುದಿಲ್ಲ. ಹಾಗೆ ತಪ್ಪಿಹೋದ ವಿಷಯಗಳನ್ನು ಇಲ್ಲಿ ನಿಧಾನವಾಗಿ ಬರೆದಿದ್ದೇನೆ. ನಿಮ್ಮ ಮಗುವಿಗೆ ಏನು ಮಾಡಬೇಕು ಎನ್ನುವುದನ್ನು ಮಗುವನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು.

ರೇಡಿಯೇಷನ್ ಗಡ್ಡೆಯ ಕೋಶಕ್ಕೆ ನಿಜವಾಗಿ ಏನು ಮಾಡುತ್ತದೆ?

ಡಿಎನ್‌ಎಯನ್ನು, ಅಂದರೆ ಕೋಶದ ಕೆಲಸಕ್ಕೆಲ್ಲ ಸೂಚನೆ ಬರೆದಿರುವ ಜೋಡಿ ಎಳೆಯನ್ನು, ಕತ್ತರಿಸುತ್ತದೆ. ಗಡ್ಡೆ ಸುಟ್ಟುಹೋಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ, ಹಾಗಲ್ಲ. ಎಕ್ಸ್‌ರೇ ಕಿರಣ ಕೋಶದ ಒಳಗೆ ಹೋದಾಗ ಅಲ್ಲಿನ ನೀರಿನ ಅಣುಗಳು ಒಡೆಯುತ್ತವೆ. ಅದರಿಂದ ಹುಟ್ಟುವ ಚುರುಕಾದ ಕಣಗಳು ಪಕ್ಕದ ಡಿಎನ್‌ಎ ಎಳೆಯನ್ನು ಹರಿಯುತ್ತವೆ. ಎಕ್ಸ್‌ರೇಯಿಂದ ಆಗುವ ಹಾನಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೀಗೆ ನೀರಿನ ಮೂಲಕ ಆಗುವಂಥದ್ದು. ಉಳಿದದ್ದು ಕಿರಣ ನೇರವಾಗಿ ಡಿಎನ್‌ಎಗೆ ತಗುಲಿ ಆಗುತ್ತದೆ.

ರೇಡಿಯೇಷನ್ ಅಳೆಯುವ ಘಟಕದ ಹೆಸರು ಗ್ರೇ. ಒಂದು ಗ್ರೇ ಬಿದ್ದರೆ ಒಂದೊಂದು ಕೋಶದಲ್ಲೂ ಡಿಎನ್‌ಎಯ ಒಂದು ಎಳೆ ಮಾತ್ರ ಹರಿದ ಜಾಗಗಳು ಸುಮಾರು 1000 ಆಗುತ್ತವೆ. ಎರಡೂ ಎಳೆ ಒಟ್ಟಿಗೆ ಹರಿದ ಜಾಗಗಳು ಸುಮಾರು 40. ಮೊದಲನೆಯದನ್ನು ಕೋಶ ಸುಲಭವಾಗಿ ಸರಿಮಾಡಿಕೊಳ್ಳುತ್ತದೆ. ಕೋಶದ ಜೀವ ತೆಗೆಯುವುದು ಎರಡನೆಯದು. ಮಕ್ಕಳಿಗೆ ದಿನಕ್ಕೆ ಕೊಡುವುದು ಸಾಮಾನ್ಯವಾಗಿ 1.8 ಗ್ರೇ.

ನಮ್ಮ ಕಡೆ ಇದಕ್ಕೆ ‘ಕರೆಂಟ್ ಕೊಡೋದು’ ಅಂತಾರೆ. ಮಗುವಿಗೆ ಶಾಕ್ ಹೊಡೆದ ಹಾಗೆ ಆಗುತ್ತಾ?

ಇಲ್ಲ. ನೋವೂ ಇಲ್ಲ, ಬಿಸಿಯೂ ತಗುಲುವುದಿಲ್ಲ. ತಲೆ ಅಲುಗಾಡದ ಹಾಗೆ ಮುಖಕ್ಕೆ ಪ್ಲಾಸ್ಟಿಕ್ ಜಾಲರಿಯ ಮಾಸ್ಕ್ ಹಾಕುತ್ತಾರೆ. ಮಗುವಿಗೆ ಹೆದರಿಕೆ ಆಗುವುದು ಆ ಮಾಸ್ಕ್‌ಗೆ, ಜೊತೆಗೆ ಆ ಕೋಣೆಯಲ್ಲಿ ಒಬ್ಬನೇ ಮಲಗಬೇಕಲ್ಲ ಅನ್ನುವುದಕ್ಕೆ. ತೀರಾ ಚಿಕ್ಕ ಮಕ್ಕಳಿಗೆ ದಿನಾ ಸ್ವಲ್ಪ ಹೊತ್ತು ಅರಿವಳಿಕೆ ಕೊಟ್ಟು ಮಾಡುತ್ತಾರೆ.

ಮಗುವಿನ ಮೈಯಲ್ಲಿ ರೇಡಿಯೇಷನ್ ಉಳಿಯುತ್ತಾ? ತಂಗಿಯ ಪಕ್ಕ ಮಲಗಿಸಬಹುದಾ?

ಉಳಿಯುವುದಿಲ್ಲ. ಯಂತ್ರ ನಿಂತ ಕ್ಷಣವೇ ಕಿರಣವೂ ನಿಂತಿತು. ತಂಗಿಯ ಪಕ್ಕ ಮಲಗಿಸಿ, ಅಜ್ಜಿಯ ತೊಡೆಯ ಮೇಲೆ ಕೂರಿಸಿ, ಮುದ್ದು ಮಾಡಿ. ಕಾರಣವಿಲ್ಲದ ಈ ಭಯಕ್ಕೆ ಮಗುವನ್ನು ದೂರ ಇಟ್ಟಿದ್ದ ಮನೆಗಳಿವೆ. ಅದನ್ನು ಕೇಳಿದಾಗ ನನಗೆ ತುಂಬಾ ಸಂಕಟವಾಗುತ್ತದೆ.

ಕಿರಣ ಬಿದ್ದ ತಕ್ಷಣ ಕೋಶ ಸಾಯುತ್ತಾ?

ಹೆಚ್ಚಿನವು ಸಾಯುವುದಿಲ್ಲ. ಡಿಎನ್‌ಎ ಹರಿದ ಕೋಶ ನೋಡುವುದಕ್ಕೆ ಚೆನ್ನಾಗೇ ಇರುತ್ತದೆ. ಅದು ಎರಡಾಗಿ ಒಡೆಯಲು ಹೊರಟಾಗ ತೊಂದರೆ ಶುರುವಾಗುತ್ತದೆ. ತುಂಡಾದ ಕ್ರೋಮೋಸೋಮ್‌ಗಳು, ಅಂದರೆ ಡಿಎನ್‌ಎಯ ಕಟ್ಟುಗಳು, ಸರಿಯಾಗಿ ಪಾಲಾಗುವುದಿಲ್ಲ, ಕೋಶ ವಿಭಜನೆಯ ನಡುವೆಯೇ ಸಾಯುತ್ತದೆ. ಒಂದು ಸಲ ಒಡೆದು, ಎರಡನೇ ಸಲ ಒಡೆಯುವಾಗ ಸಾಯುವುದೂ ಉಂಟು. ಕೆಲವು ಕೋಶಗಳು ಸಾಯುವುದೂ ಇಲ್ಲ, ಮತ್ತೆ ಒಡೆಯುವುದೂ ಇಲ್ಲ. ಮುದಿಯಾದಂತೆ ಉಳಿದುಬಿಡುತ್ತವೆ.

ಇನ್ನು ಕೆಲವು ಕೋಶಗಳಲ್ಲಿ ಹಾನಿ ಗೊತ್ತಾದ ಕೂಡಲೇ ತಮ್ಮನ್ನು ತಾವೇ ಮುಗಿಸಿಕೊಳ್ಳುವ ಏರ್ಪಾಡು ಇರುತ್ತದೆ. ಅವು ಗಂಟೆಗಳಲ್ಲೇ ಸಾಯುತ್ತವೆ. ಮೆಡುಲ್ಲೋಬ್ಲಾಸ್ಟೋಮಾ ಎನ್ನುವ, ಕಿರುಮೆದುಳಿನಲ್ಲಿ ಬರುವ ಗಡ್ಡೆಯ ಕೋಶಗಳಲ್ಲಿ ಈ ಗುಣ ಜಾಸ್ತಿ.

ಬೇಗ ಬೇಗ ಒಡೆಯುವ ಕೋಶಕ್ಕೆ ಕಿರಣ ಹೆಚ್ಚು ತಗುಲುತ್ತದೆ ಎನ್ನುವುದನ್ನು ಬೆರ್ಗೋನಿಯೆ ಮತ್ತು ಟ್ರಿಬೊಂಡೊ ಎಂಬ ಇಬ್ಬರು ಫ್ರೆಂಚರು 1906ರಲ್ಲೇ ಹೇಳಿದ್ದರು. ಡಿಎನ್‌ಎಯ ರಚನೆ ಗೊತ್ತಾಗಿದ್ದು 1953ರಲ್ಲಿ. ಕೋಶದೊಳಗೆ ಏನು ಹರಿಯುತ್ತದೆ ಅಂತ ತಿಳಿಯುವ ಎಷ್ಟೋ ಮೊದಲೇ, ಪ್ರಯೋಗದಲ್ಲಿ ಕಂಡದ್ದನ್ನು ನೋಡಿ ಹೇಳಿದ ಮಾತು ಇದು.

ಹಾಗಾದರೆ ಮೆದುಳಿನ ಒಳ್ಳೆಯ ಕೋಶಗಳ ಗತಿ ಏನು?

ಅವಕ್ಕೂ ಹಾನಿ ಆಗುತ್ತದೆ. ಆದರೆ ಆರೋಗ್ಯವಾಗಿರುವ ಕೋಶ ಹರಿದ ಡಿಎನ್‌ಎಯನ್ನು ಜೋಡಿಸಿಕೊಳ್ಳುವುದರಲ್ಲಿ ಗಟ್ಟಿಗ. ಕೆಲವು ಗಂಟೆಗಳಲ್ಲಿ ಬಹುಪಾಲು ಸರಿಮಾಡಿಕೊಳ್ಳುತ್ತದೆ. ಗಡ್ಡೆಯ ಕೋಶಗಳಲ್ಲಿ ಈ ಕೆಲಸ ಅಷ್ಟು ನೆಟ್ಟಗೆ ನಡೆಯುವುದಿಲ್ಲ. ಒಟ್ಟು ಪ್ರಮಾಣವನ್ನು ಒಂದೇ ದಿನ ಕೊಡದೆ 30ರಷ್ಟು ಕಂತುಗಳಲ್ಲಿ, ವಾರಕ್ಕೆ 5 ದಿನ, ಸುಮಾರು ಆರು ವಾರ ಕೊಡುವುದು ಇದೇ ಕಾರಣಕ್ಕೆ. ಪ್ರತಿ ದಿನದ ನಡುವಿನ ಬಿಡುವು ಒಳ್ಳೆಯ ಕೋಶಕ್ಕೆ ಸಿಗುವ ಸಮಯ.

ಕಂತು ಮಾಡುವುದರಿಂದ ಇನ್ನೂ ಎರಡು ಅನುಕೂಲ ಇವೆ. ಕೋಶ ತನ್ನ ಜೀವನಚಕ್ರದ ಎಲ್ಲ ಹಂತದಲ್ಲೂ ಒಂದೇ ರೀತಿ ಸಾಯುವುದಿಲ್ಲ. ಒಡೆಯುವ ಹೊತ್ತಿನಲ್ಲಿ ತುಂಬಾ ನಾಜೂಕು, ಡಿಎನ್‌ಎಯ ನಕಲು ಮುಗಿಯುತ್ತಾ ಬಂದಾಗ ತುಂಬಾ ಗಟ್ಟಿ. ಇವತ್ತು ಗಟ್ಟಿ ಹಂತದಲ್ಲಿದ್ದು ತಪ್ಪಿಸಿಕೊಂಡ ಕೋಶ ನಾಳೆ ನಾಜೂಕು ಹಂತದಲ್ಲಿ ಸಿಕ್ಕಬಹುದು. ಇನ್ನೊಂದು ಅನುಕೂಲ ಆಮ್ಲಜನಕದ್ದು. ಅದಕ್ಕೆ ಮುಂದೆ ಬರುತ್ತೇನೆ.

ನಡುವೆ ಒಂದು ವಾರ ನಿಲ್ಲಿಸಿ ಊರಿಗೆ ಹೋಗಿ ಬರಬಹುದಾ? ಹಬ್ಬ ಇದೆ, ಮನೆ ದೇವರ ಪೂಜೆ ಇದೆ.

ದಯವಿಟ್ಟು ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಿ ಅಂದರೆ ಇದನ್ನೇ ಓದಿ.

ಕಿರಣ ಬಿದ್ದು ಬದುಕುಳಿದ ಗಡ್ಡೆಯ ಕೋಶಗಳು ಸುಮ್ಮನೆ ಕೂರುವುದಿಲ್ಲ. ಒಡೆದು ಒಡೆದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ದಿನ ತಪ್ಪಿದಷ್ಟೂ ಅವಕ್ಕೆ ಲಾಭ. ಯುರೋಪಿನಲ್ಲಿ ಮೆಡುಲ್ಲೋಬ್ಲಾಸ್ಟೋಮಾ ಇದ್ದ ಮಕ್ಕಳ ಮೇಲೆ ನಡೆದ ಪಿಎನ್‌ಇಟಿ-3 ಎಂಬ ಅಧ್ಯಯನದ ಫಲಿತಾಂಶ 2003ರಲ್ಲಿ ಬಂತು. ರೇಡಿಯೇಷನ್ 50 ದಿನದ ಒಳಗೆ ಮುಗಿದ ಮಕ್ಕಳು, ಅದಕ್ಕಿಂತ ಜಾಸ್ತಿ ದಿನ ಎಳೆದ ಮಕ್ಕಳಿಗಿಂತ ಹೆಚ್ಚಾಗಿ ಬದುಕುಳಿದಿದ್ದರು. ಯಂತ್ರ ಎಷ್ಟು ಹೊಸದು ಎನ್ನುವುದಕ್ಕಿಂತ ಇದು ದೊಡ್ಡ ವಿಷಯ, ಮತ್ತು ಇದು ನಮ್ಮ ಕೈಯಲ್ಲಿ ಇರುವಂಥದ್ದು.

ಕಷ್ಟ ನನಗೆ ಅರ್ಥವಾಗುತ್ತದೆ. ನಾಗಮಂಗಲದ ಒಳಗಿನ ಹಳ್ಳಿಯಿಂದ ದಿನಾ ಮೈಸೂರಿಗೆ ಬಸ್ಸಿನಲ್ಲಿ ಬಂದು ಹೋಗುವುದು, ಮನೆಯಲ್ಲಿ ಹಸು, ಇನ್ನೊಂದು ಮಗು, ಗದ್ದೆಗೆ ನೀರು ಬಿಡುವ ಸರದಿ. ಆದ್ದರಿಂದ ಶುರುಮಾಡುವ ಮೊದಲೇ ಆರೇಳು ವಾರಕ್ಕೆ ಏರ್ಪಾಡು ಮಾಡಿಕೊಳ್ಳಿ. ಆಸ್ಪತ್ರೆಯ ಹತ್ತಿರ ಉಳಿಯುವ ಜಾಗ ಸಿಗುತ್ತದಾ ಅಂತ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಮನೆ ದೇವರಿಗೆ ಮುಡಿಪು ಕಟ್ಟಿ ಇಡಿ, ಮುಗಿದ ಮೇಲೆ ಹೋಗಿ ಒಪ್ಪಿಸಬಹುದು. ದಸರಾ ಸಮಯದಲ್ಲಿ ಮೈಸೂರಿನ ರಸ್ತೆಗಳು ಕಟ್ಟಿಹೋಗುತ್ತವೆ, ಜಂಬೂ ಸವಾರಿಯ ದಿನ ಬೆಳಗ್ಗೆಯೇ ಸಮಯ ಕೊಡಿ ಅಂತ ಮುಂಚೆಯೇ ಕೇಳಿಕೊಳ್ಳಿ.

ಯಂತ್ರ ಕೆಟ್ಟರೆ, ಮಗುವಿಗೆ ಜ್ವರ ಬಂದರೆ, ರಕ್ತಕಣ ಇಳಿದರೆ ದಿನ ತಪ್ಪುವುದು ಯಾರ ಕೈಯಲ್ಲೂ ಇಲ್ಲ. ಆಗ ‘ತಪ್ಪಿದ ದಿನವನ್ನು ಹೇಗೆ ತುಂಬಿಸುತ್ತೀರಿ ಸಾರ್?’ ಅಂತ ಕೇಳಿ. ಕನಿಷ್ಠ 6 ಗಂಟೆ ಬಿಡುವು ಇಟ್ಟು ಒಂದೇ ದಿನ ಎರಡು ಸಲ ಕೊಡುವುದು, ಶನಿವಾರ ಕೊಡುವುದು, ಇಂಥ ದಾರಿಗಳು ಇವೆ.

ಆಪರೇಷನ್ ಆದ ಮೇಲೆ ರೇಡಿಯೇಷನ್ ಎಷ್ಟು ದಿನದಲ್ಲಿ ಶುರುವಾಗಬೇಕು?

ಮೆಡುಲ್ಲೋಬ್ಲಾಸ್ಟೋಮಾದಲ್ಲಿ ಸಾಮಾನ್ಯವಾಗಿ 4ರಿಂದ 7 ವಾರದ ಒಳಗೆ. ಗಾಯ ಮಾಗಬೇಕು, ಆದರೆ ಬಯಾಪ್ಸಿ ರಿಪೋರ್ಟ್ ಬರಲಿಲ್ಲ, ಕಾರ್ಡ್ ಆಗಲಿಲ್ಲ ಅಂತ ತಿಂಗಳುಗಟ್ಟಲೆ ತಳ್ಳಬಾರದು.

ಪಕ್ಕದ ಬೆಡ್ಡಿನ ಹುಡುಗನಿಗೆ ಗಡ್ಡೆ ಪೂರಾ ಹೋಯಿತು. ನಮ್ಮ ಮಗುವಿಗೆ ಯಾಕೆ ಹಾಗೆ ಆಗಲಿಲ್ಲ?

ಅಮ್ಮಂದಿರು ಇದನ್ನು ಕೇಳುವಾಗ, ತಾವೇ ಏನೋ ತಪ್ಪು ಮಾಡಿದ ಹಾಗೆ ಕೇಳುತ್ತಾರೆ. ನಿಮ್ಮ ತಪ್ಪು ಏನೂ ಇಲ್ಲ. ಮೆದುಳಿನ ಗಡ್ಡೆ ಅನ್ನುವುದು ಒಂದು ಕಾಯಿಲೆ ಅಲ್ಲ. ಹತ್ತಾರು ಬೇರೆ ಬೇರೆ ಕಾಯಿಲೆಗಳಿಗೆ ನಾವು ಇಟ್ಟಿರುವ ಒಂದೇ ಹೆಸರು. ಒಂದೇ ಯಂತ್ರ, ಒಂದೇ ಕಿರಣ, ಒಂದೇ ಪ್ರಮಾಣ ಇದ್ದರೂ ಕೋಶ ಬೇರೆ ಆದರೆ ಪರಿಣಾಮ ಬೇರೆ.

ಜರ್ಮಿನೋಮಾ ಎನ್ನುವ ಗಡ್ಡೆ ಕಿರಣಕ್ಕೆ ಬೆಣ್ಣೆಯಷ್ಟು ಮೃದು. ಉಳಿದ ಗಡ್ಡೆಗಳಿಗಿಂತ ಕಡಿಮೆ ಪ್ರಮಾಣ ಸಾಕು, ನೂರಕ್ಕೆ 90ಕ್ಕೂ ಹೆಚ್ಚು ಮಕ್ಕಳು ವಾಸಿಯಾಗುತ್ತಾರೆ. ಮೆಡುಲ್ಲೋಬ್ಲಾಸ್ಟೋಮಾ ಕೂಡ ಕಿರಣದ ಮಾತನ್ನು ಚೆನ್ನಾಗಿ ಕೇಳುತ್ತದೆ, ಆದರೆ ಅದರಲ್ಲೇ ನಾಲ್ಕು ಗುಂಪು ಇವೆ. ಎಪೆಂಡೈಮೋಮಾ ಎನ್ನುವ ಇನ್ನೊಂದು ಗಡ್ಡೆಗೆ 54ರಿಂದ 59.4 ಗ್ರೇ ಬೇಕು. ಆಪರೇಷನ್‌ನಲ್ಲಿ ಗಡ್ಡೆ ಪೂರ್ತಿ ಹೋಗಿದ್ದರೆ ಕಿರಣ ಉಳಿದದ್ದನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ, ತುಂಡು ಉಳಿದಿದ್ದರೆ ಅಷ್ಟಾಗಿ ಇಲ್ಲ. ಆದ್ದರಿಂದಲೇ ಕೆಲವು ಸಲ ಎರಡನೇ ಆಪರೇಷನ್ ಮಾಡೋಣ ಅಂತ ಸರ್ಜನ್ ಹೇಳುವುದು. ನಿಧಾನವಾಗಿ ಬೆಳೆಯುವ ಪೈಲೋಸೈಟಿಕ್ ಆಸ್ಟ್ರೋಸೈಟೋಮಾದಲ್ಲಿ ಕೋಶಗಳು ಒಡೆಯುವುದೇ ಅಪರೂಪ. ಸಾಯುವುದಕ್ಕೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿ ಆಪರೇಷನ್, ಕೀಮೋ, ಬಿಆರ್‌ಎಎಫ್ ಎಂಬ ಜೀನಿನ ದಾರಿಯನ್ನು ತಡೆಯುವ ಮಾತ್ರೆಗಳು ಇವೆ. ಚಿಕ್ಕ ಮಕ್ಕಳಲ್ಲಿ ರೇಡಿಯೇಷನ್ ಅನ್ನು ಆದಷ್ಟು ಮುಂದಕ್ಕೆ ಹಾಕುತ್ತಾರೆ.

ಯಾವ ಮೆಷಿನ್ ಒಳ್ಳೆಯದು ಅಂತ ಕೇಳುವ ಮೊದಲು, ‘ನಮ್ಮ ಮಗುವಿನ ಗಡ್ಡೆಯ ಪೂರ್ತಿ ಹೆಸರು ಏನು? ಯಾವ ಗುಂಪು?’ ಅಂತ ಕೇಳಿ. ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಮೆಡುಲ್ಲೋಬ್ಲಾಸ್ಟೋಮಾದ ಆ ನಾಲ್ಕು ಗುಂಪು ಯಾವುವು?

ವಿಂಟ್, ಸೋನಿಕ್ ಹೆಡ್ಜ್‌ಹಾಗ್, ಗ್ರೂಪ್ 3, ಗ್ರೂಪ್ 4. ಮೈಕ್ರೋಸ್ಕೋಪಿನಲ್ಲಿ ನಾಲ್ಕೂ ಹೆಚ್ಚುಕಮ್ಮಿ ಒಂದೇ ತರಹ ಕಾಣಬಹುದು. ಒಳಗಿನ ಜೀನ್ ನೋಡಿದರೆ ಬೇರೆ ಬೇರೆ.

ವಿಂಟ್ ಗುಂಪಿನ ಮಕ್ಕಳಿಗೆ ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ 95ರ ಆಸುಪಾಸು ಉಳಿಯುತ್ತಾರೆ. ಇವರಿಗೆ ಕಿರಣದ ಪ್ರಮಾಣ ಕಡಿಮೆ ಮಾಡಬಹುದಾ ಅಂತ ಪರೀಕ್ಷೆಗಳು ನಡೆದಿವೆ. ಗ್ರೂಪ್ 3ರಲ್ಲಿ ಮಿಕ್ ಎಂಬ ಜೀನ್ ಹಲವು ಪಟ್ಟು ಹೆಚ್ಚಾಗಿದ್ದರೆ ಕಾಯಿಲೆ ಹಠಮಾರಿ, ಮತ್ತೆ ಬರುವ ಅಪಾಯ ಜಾಸ್ತಿ. ಸೋನಿಕ್ ಹೆಡ್ಜ್‌ಹಾಗ್ ಗುಂಪಿನಲ್ಲಿ ಎಲ್ಲ ನಿಂತಿರುವುದು ಟಿಪಿ53 ಜೀನಿನ ಮೇಲೆ.

ಟಿಪಿ53 ಅಂದರೆ ಏನು? ರಿಪೋರ್ಟಿನಲ್ಲಿ ಅದರ ಮುಂದೆ ‘ಮ್ಯುಟೇಷನ್’ ಅಂತ ಇದೆ.

ಡಿಎನ್‌ಎ ಹರಿದಾಗ ಎಟಿಎಂ ಎಂಬ ಪ್ರೋಟೀನು ಅದನ್ನು ಮೊದಲು ಗುರುತಿಸುತ್ತದೆ. ಅದು ಪಿ53 ಎಂಬ ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತದೆ. ಪಿ53 ಕೋಶದ ವಿಭಜನೆಯನ್ನು ನಿಲ್ಲಿಸಿ ರಿಪೇರಿಗೆ ಸಮಯ ಕೊಡುತ್ತದೆ, ಇಲ್ಲವೇ ಹಾನಿ ಅತಿಯಾಗಿದ್ದರೆ ಕೋಶವನ್ನು ಸಾಯಿಸುತ್ತದೆ. ಈ ಪ್ರೋಟೀನನ್ನು ಮಾಡುವ ಜೀನೇ ಟಿಪಿ53. ಅದೇ ಕೆಟ್ಟಿದ್ದರೆ (ರಿಪೋರ್ಟಿನ ‘ಮ್ಯುಟೇಷನ್’ ಅಂದರೆ ಇದೇ) ಡಿಎನ್‌ಎ ಎಷ್ಟು ಹರಿದರೂ ಸಾಯುವ ಆಜ್ಞೆ ಕೋಶಕ್ಕೆ ಸಿಗುವುದಿಲ್ಲ. ಅದು ಹರಕು ಡಿಎನ್‌ಎ ಇಟ್ಟುಕೊಂಡೇ ಮುಂದುವರಿಯುತ್ತದೆ. ರೇಡಿಯೇಷನ್ ಸರಿಯಾಗಿ ಬಿದ್ದರೂ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಇನ್ನೊಂದು ಮಾತು ಇದೆ. ಸೋನಿಕ್ ಹೆಡ್ಜ್‌ಹಾಗ್ ಗುಂಪಿನಲ್ಲಿ ಟಿಪಿ53 ಕೆಟ್ಟಿರುವ ಹಲವು ಮಕ್ಕಳಲ್ಲಿ ಅದು ಗಡ್ಡೆಯಲ್ಲಿ ಮಾತ್ರವಲ್ಲ, ಹುಟ್ಟಿನಿಂದಲೇ ಮೈಯ ಎಲ್ಲ ಕೋಶಗಳಲ್ಲೂ ಕೆಟ್ಟಿರುತ್ತದೆ. ಇದಕ್ಕೆ ಲಿ-ಫ್ರೌಮೆನಿ ಸಿಂಡ್ರೋಮ್ ಅನ್ನುತ್ತಾರೆ. ಇಂಥ ಮಕ್ಕಳಿಗೆ ರೇಡಿಯೇಷನ್‌ನಿಂದಲೇ ಮುಂದೆ ಇನ್ನೊಂದು ಕ್ಯಾನ್ಸರ್ ಬರುವ ಅಪಾಯ ಜಾಸ್ತಿ. ಆದ್ದರಿಂದ ಈ ರಿಪೋರ್ಟ್ ಬಂದರೆ ರಕ್ತದ ಜೀನ್ ಪರೀಕ್ಷೆಯ ಬಗ್ಗೆ ಕೇಳಲೇಬೇಕು.

ನಾವು ಸಂಬಂಧದಲ್ಲೇ ಮದುವೆಯಾದವರು. ಸೋದರಮಾವನನ್ನು ಮಾಡಿಕೊಂಡಿದ್ದಕ್ಕೆ ಹೀಗಾಯಿತಾ?

ಹೆಚ್ಚಿನ ಮಕ್ಕಳಲ್ಲಿ ಗಡ್ಡೆ ಬರುವುದಕ್ಕೂ ಅಪ್ಪ ಅಮ್ಮನ ಮದುವೆಗೂ ಸಂಬಂಧ ಇಲ್ಲ. ಈ ಮಾತನ್ನು ಅತ್ತೆ ಮಾವ, ನೆಂಟರಿಷ್ಟರಿಗೂ ಓದಿ ಹೇಳಿ.

ಆದರೆ ಸಂಬಂಧದಲ್ಲಿ ಮದುವೆ ಆಗಿದ್ದರೆ ಅದನ್ನು ಡಾಕ್ಟರ್‌ಗೆ ಮುಚ್ಚಿಡದೆ ಹೇಳಬೇಕು. ಎರಡು ಅಪರೂಪದ ಕಾಯಿಲೆಗಳು ಇವೆ. ಒಂದರಲ್ಲಿ ಡಿಎನ್‌ಎ ನಕಲಾಗುವಾಗ ಆಗುವ ತಪ್ಪು ತಿದ್ದುವ ಜೀನಿನ ಎರಡೂ ಪ್ರತಿ ಕೆಟ್ಟಿರುತ್ತವೆ. ಇಂಥ ಮಕ್ಕಳ ಮೈಮೇಲೆ ಹಾಲು ಕಾಫಿಯ ಬಣ್ಣದ ಮಚ್ಚೆಗಳು ಇರುವುದುಂಟು, ಮೆದುಳಿನಲ್ಲಿ ಜೋರಾಗಿ ಬೆಳೆಯುವ ಗ್ಲಯೋಮಾ (ನರಕೋಶಗಳಿಗೆ ಆಸರೆಯಾಗಿರುವ ಕೋಶಗಳಿಂದ ಹುಟ್ಟುವ ಗಡ್ಡೆ) ಬರಬಹುದು. ಇವರಿಗೆ ಔಷಧಿಯ ಆಯ್ಕೆಯೇ ಬೇರೆ. ಇನ್ನೊಂದು ಅಟಾಕ್ಸಿಯಾ ಟೆಲಾಂಜಿಯೆಕ್ಟೇಷಿಯಾ. ಇದರಲ್ಲಿ ಮೇಲೆ ಹೇಳಿದ ಎಟಿಎಂ ಪ್ರೋಟೀನೇ ಕೆಲಸ ಮಾಡುವುದಿಲ್ಲ. ಸಾಮಾನ್ಯ ಪ್ರಮಾಣದ ರೇಡಿಯೇಷನ್ ಕೂಡ ಈ ಮಕ್ಕಳ ಒಳ್ಳೆಯ ಕೋಶಗಳಿಗೆ ತಡೆಯಲಾಗದಷ್ಟು ಹೊಡೆತ ಕೊಡುತ್ತದೆ. ಎರಡೂ ಕಾಯಿಲೆ ಸಂಬಂಧದ ಮದುವೆಗಳಲ್ಲಿ ಹೆಚ್ಚು ಕಾಣುತ್ತವೆ.

ಮೆದುಳಿನ ಕಾಂಡದ ಗಡ್ಡೆ, ಡಿಐಪಿಜಿ ಅಂದಿದ್ದಾರೆ. ರೇಡಿಯೇಷನ್ ಕೊಟ್ಟ ಮೇಲೆ ಮಗು ನಡೆಯುತ್ತಿದೆ, ಮಾತಾಡುತ್ತಿದೆ. ವಾಸಿಯಾಯಿತು ಅಲ್ವಾ?

ಇದಕ್ಕೆ ಉತ್ತರ ಬರೆಯುವುದು ನನಗೆ ಕಷ್ಟ. ಆದರೆ ಸುಳ್ಳು ಆಸೆ ಹುಟ್ಟಿಸುವುದು ಅದಕ್ಕಿಂತ ಕೆಟ್ಟದ್ದು.

ಈ ಗಡ್ಡೆಯಲ್ಲಿ 54 ಗ್ರೇ ಕೊಟ್ಟ ಮೇಲೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಸೊಟ್ಟಗಾಗಿದ್ದ ಕಣ್ಣು ಸರಿಹೋಗುತ್ತದೆ, ಎಡವುತ್ತಿದ್ದ ಕಾಲು ನೆಟ್ಟಗೆ ಊರುತ್ತದೆ. ಈ ಸುಧಾರಣೆ ನಿಜ, ಆದರೆ ಅದು ಕೆಲವು ತಿಂಗಳ ಮಟ್ಟಿಗೆ. ಇಲ್ಲಿ ಹೆಚ್ಚಿನ ಮಕ್ಕಳ ಗಡ್ಡೆಯಲ್ಲಿ ಹಿಸ್ಟೋನ್ ಎಂಬ ಪ್ರೋಟೀನಿನ ಜೀನಿನಲ್ಲಿ ಎಚ್3 ಕೆ27ಎಂ ಎಂಬ ಬದಲಾವಣೆ ಇರುತ್ತದೆ. ಇದು ಗೊತ್ತಾದದ್ದು 2012ರಲ್ಲಿ. ಡಿಎನ್‌ಎ ಸುತ್ತಿಕೊಂಡಿರುವುದೇ ಹಿಸ್ಟೋನ್‌ಗಳ ಮೇಲೆ. ಈ ಬದಲಾವಣೆಯಿಂದ ಮುಚ್ಚಿರಬೇಕಾದ ಜೀನ್‌ಗಳು ತೆರೆದುಕೊಳ್ಳುತ್ತವೆ, ಕೋಶ ಬಲಿಯದೆ ಒಡೆಯುತ್ತಲೇ ಇರುತ್ತದೆ. ಜೊತೆಗೆ ಟಿಪಿ53 ಕೂಡ ಹಲವರಲ್ಲಿ ಕೆಟ್ಟಿರುತ್ತದೆ. ಗಡ್ಡೆಯ ಕೋಶಗಳು ಒಳ್ಳೆಯ ಕೋಶಗಳ ನಡುವೆ ಹೊಕ್ಕಿರುವುದರಿಂದ ಆಪರೇಷನ್ ಮಾಡಿ ತೆಗೆಯಲೂ ಆಗುವುದಿಲ್ಲ. ಹೆಚ್ಚಿನ ಮಕ್ಕಳು ಗೊತ್ತಾದ ಒಂದು ವರ್ಷದ ಆಸುಪಾಸಿನಲ್ಲಿ ಹೋಗುತ್ತಾರೆ. ಎರಡು ವರ್ಷ ದಾಟುವವರು ನೂರಕ್ಕೆ 10ರಷ್ಟು.

ಆ ಒಳ್ಳೆಯ ತಿಂಗಳುಗಳನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದರಲ್ಲಿ ಕಳೆಯಬೇಡಿ. ಮಗುವಿಗೆ ಮೃಗಾಲಯ ನೋಡಬೇಕೆನಿಸಿದರೆ ಕರೆದುಕೊಂಡು ಹೋಗಿ, ಬೃಂದಾವನದ ದೀಪ ನೋಡಬೇಕೆನಿಸಿದರೆ ಅಲ್ಲಿಗೆ. ನೋವು, ವಾಂತಿ, ನುಂಗುವ ತೊಂದರೆ ನೋಡಿಕೊಳ್ಳುವ ಉಪಶಾಮಕ ಆರೈಕೆಯ ಡಾಕ್ಟರನ್ನು ಮೊದಲೇ ಪರಿಚಯ ಮಾಡಿಕೊಳ್ಳಿ. ಗಡ್ಡೆ ಮತ್ತೆ ಬೆಳೆದಾಗ ಕಡಿಮೆ ಪ್ರಮಾಣದಲ್ಲಿ ಎರಡನೇ ಸಲ ರೇಡಿಯೇಷನ್ ಕೊಡುವುದುಂಟು. ಮೊದಲ ಸಲ ಚೆನ್ನಾಗಿ ಕೇಳಿದ ಮಕ್ಕಳಿಗೆ ಅದರಿಂದ ಇನ್ನಷ್ಟು ಒಳ್ಳೆಯ ದಿನ ಸಿಗಬಹುದು.

ಆಮ್ಲಜನಕಕ್ಕೂ ರೇಡಿಯೇಷನ್‌ಗೂ ಏನು ಸಂಬಂಧ?

ಕಿರಣದಿಂದ ಡಿಎನ್‌ಎಗೆ ಆದ ಹಾನಿಯನ್ನು ಆಮ್ಲಜನಕ ಖಾಯಂ ಮಾಡುತ್ತದೆ. ಅದಿಲ್ಲದ ಕಡೆ ಹಾನಿ ಬೇಗ ಸರಿಹೋಗುತ್ತದೆ. ಆಮ್ಲಜನಕ ಸಿಗದ ಕೋಶವನ್ನು ಸಾಯಿಸಲು ಸುಮಾರು ಎರಡೂವರೆಯಿಂದ ಮೂರು ಪಟ್ಟು ಕಿರಣ ಬೇಕು. ಗಡ್ಡೆಯ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದಿರುತ್ತವೆ, ನಡುಭಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ. ಅಲ್ಲಿನ ಕೋಶ ಗಟ್ಟಿಯಾಗಿ ಉಳಿಯುತ್ತದೆ. ಕಂತು ಮುಂದುವರಿದ ಹಾಗೆ ಹೊರಗಿನ ಕೋಶಗಳು ಸತ್ತು, ಒಳಗಿನವಕ್ಕೆ ಆಮ್ಲಜನಕ ಸಿಗತೊಡಗುತ್ತದೆ. ಆಗ ಅವೂ ಕಿರಣಕ್ಕೆ ಸಿಕ್ಕುತ್ತವೆ.

ಪೂರ್ತಿ ಹೋಗಿದ್ದ ಗಡ್ಡೆ ಮತ್ತೆ ಯಾಕೆ ಬರುತ್ತದೆ?

ಕಬ್ಬು ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಿದು ಗಾಡಿಗೆ ತುಂಬಿದ ಮೇಲೆ ಗದ್ದೆ ಖಾಲಿ ಕಾಣುತ್ತದೆ, ಆದರೆ ನೆಲದಲ್ಲಿ ಉಳಿದ ಬುಡದಿಂದ ಕೂಳೆ ಚಿಗುರುತ್ತದೆ. ಗಡ್ಡೆಯಲ್ಲೂ ಎಲ್ಲ ಕೋಶಗಳು ಒಂದೇ ಅಲ್ಲ. ಕೆಲವು ಬುಡದ ಕೋಶಗಳು ನಿಧಾನವಾಗಿ ಒಡೆಯುತ್ತವೆ, ಡಿಎನ್‌ಎ ರಿಪೇರಿಯಲ್ಲಿ ಚುರುಕು, ಅವುಗಳಿಂದ ಇಡೀ ಗಡ್ಡೆ ಮತ್ತೆ ಬೆಳೆಯಬಲ್ಲದು. 2008ರಲ್ಲಿ ಮೆಡುಲ್ಲೋಬ್ಲಾಸ್ಟೋಮಾ ಇದ್ದ ಇಲಿಗಳಲ್ಲಿ ಇದನ್ನು ನೋಡಿದರು. ಕಿರಣ ಕೊಟ್ಟಾಗ ಗಡ್ಡೆಯ ಬಹುಪಾಲು ಕೋಶಗಳು ಸತ್ತವು. ರಕ್ತನಾಳದ ಅಂಚಿನಲ್ಲಿದ್ದ ಬುಡದ ಕೋಶಗಳು ಮಾತ್ರ ವಿಭಜನೆ ನಿಲ್ಲಿಸಿ ಕಾದವು, ಮೂರು ದಿನದ ಹೊತ್ತಿಗೆ ಮತ್ತೆ ಒಡೆಯಲು ಶುರುಮಾಡಿದವು. ಅವುಗಳ ರಿಪೇರಿಯನ್ನು ತಡೆಯುವ ಔಷಧಿಯನ್ನು ಕಿರಣದ ಜೊತೆ ಕೊಡುವ ಪ್ರಯತ್ನ ಈಗ ನಡೆಯುತ್ತಿದೆ. ಒಳ್ಳೆಯ ಕೋಶದ ರಿಪೇರಿ ಕೆಡಬಾರದು ಎನ್ನುವುದೇ ಅಲ್ಲಿರುವ ತೊಡಕು.

ಗಡ್ಡೆ ತಲೆಯಲ್ಲಿದೆ. ಬೆನ್ನಿಗೂ ಯಾಕೆ ಕೊಡುತ್ತಾರೆ?

ಮೆಡುಲ್ಲೋಬ್ಲಾಸ್ಟೋಮಾದ ಕೋಶಗಳು ಮೆದುಳಿನ ಸುತ್ತ ಇರುವ ದ್ರವದಲ್ಲಿ ತೇಲಿ ಬೆನ್ನುಹುರಿಗೆ ಹೋಗಿ ಕೂರುತ್ತವೆ. 1953ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಎಡಿತ್ ಪ್ಯಾಟರ್ಸನ್ ಮತ್ತು ಜೊತೆಗಾರರು ಇಡೀ ಮೆದುಳು ಮತ್ತು ಬೆನ್ನುಹುರಿಗೆ ಕಿರಣ ಕೊಟ್ಟು ಮಕ್ಕಳು ಉಳಿಯುತ್ತಾರೆ ಅಂತ ತೋರಿಸಿದರು. ಅದಕ್ಕೂ ಮೊದಲು ಈ ಕಾಯಿಲೆಯಲ್ಲಿ ಬದುಕುಳಿಯುವವರು ತೀರಾ ಅಪರೂಪ.

ಈಗ ಅಪಾಯ ಕಡಿಮೆ ಇರುವ ಮಕ್ಕಳಿಗೆ ಮೆದುಳು ಮತ್ತು ಬೆನ್ನಿಗೆ 23.4 ಗ್ರೇ, ಹೆಚ್ಚು ಇರುವವರಿಗೆ 36 ಗ್ರೇ, ಗಡ್ಡೆ ಇದ್ದ ಜಾಗಕ್ಕೆ ಒಟ್ಟು 54ರ ಆಸುಪಾಸು. ಚಿಕ್ಕ ಮಕ್ಕಳಲ್ಲಿ 23.4 ಅನ್ನು 18ಕ್ಕೆ ಇಳಿಸಬಹುದಾ ಅಂತ ಅಮೆರಿಕದಲ್ಲಿ ದೊಡ್ಡ ಪರೀಕ್ಷೆ ನಡೆಯಿತು, 2021ರಲ್ಲಿ ಫಲಿತಾಂಶ ಬಂತು. 18 ಪಡೆದ ಮಕ್ಕಳಲ್ಲಿ ಕಾಯಿಲೆ ಹೆಚ್ಚಾಗಿ ಮರಳಿತು. ಅದೇ ಪರೀಕ್ಷೆಯಲ್ಲಿ, ಹೆಚ್ಚುವರಿ ಕಿರಣವನ್ನು ಕಿರುಮೆದುಳಿನ ಇಡೀ ಭಾಗಕ್ಕೆ ಕೊಡದೆ ಗಡ್ಡೆಯ ಜಾಗಕ್ಕೆ ಮಾತ್ರ ಕೊಟ್ಟರೂ ಸಾಕು ಅಂತ ಗೊತ್ತಾಯಿತು. ‘ಸ್ವಲ್ಪ ಕಡಿಮೆ ಕೊಡಿ ಸಾರ್, ಪಾಪ ಚಿಕ್ಕ ಮಗು’ ಅಂತ ಕೇಳಬೇಕೆನಿಸುತ್ತದೆ, ನಿಜ. ಎಷ್ಟು ಇಳಿಸಬಹುದು ಅನ್ನುವುದನ್ನು ಹೀಗೆ ಅಳೆದು ಅಳೆದು ಕಂಡುಕೊಂಡಿದ್ದಾರೆ.

ನಮ್ಮ ಮಗುವಿಗೆ ಎರಡು ವರ್ಷ. ರೇಡಿಯೇಷನ್ ಬೇಡ ಅಂದರು. ಕೈಬಿಟ್ಟರಾ?

ಇಲ್ಲ. ಮೂರು ವರ್ಷದ ಒಳಗೆ ಮೆದುಳು ಭರದಿಂದ ಬೆಳೆಯುತ್ತಿರುತ್ತದೆ. ಆಗ ಇಡೀ ಮೆದುಳಿಗೆ ಕಿರಣ ಕೊಟ್ಟರೆ ಕಲಿಯುವ ಶಕ್ತಿ, ನೆನಪು, ಎತ್ತರ, ಹಾರ್ಮೋನು ಎಲ್ಲಕ್ಕೂ ಪೆಟ್ಟು. ಆದ್ದರಿಂದ ಕೀಮೋದಿಂದ ಕಾಯಿಲೆ ಹಿಡಿದಿಟ್ಟು ಸಮಯ ಗಳಿಸುತ್ತಾರೆ. ಎಪೆಂಡೈಮೋಮಾದಲ್ಲಿ ಗಡ್ಡೆಯ ಜಾಗಕ್ಕೆ ಮಾತ್ರ ಕೊಡಬೇಕಾದ್ದರಿಂದ ಒಂದು ವರ್ಷ ದಾಟಿದ ಮಕ್ಕಳಿಗೂ ಕೊಡುತ್ತಾರೆ.

ಮುಗಿದ ಮೇಲೆ ಮಾಡಿದ ಎಂಆರ್‌ಐಯಲ್ಲಿ ಗಡ್ಡೆ ದೊಡ್ಡದಾಗಿದೆ ಅಂತಾರೆ. ಕೆಲಸ ಮಾಡಲಿಲ್ಲವಾ?

ತಕ್ಷಣ ಹಾಗಂದುಕೊಳ್ಳಬೇಡಿ. ಸಾಯುತ್ತಿರುವ ಕೋಶಗಳ ಸುತ್ತ ಊತ ಬರುತ್ತದೆ, ರಕ್ತನಾಳ ಸೋರುತ್ತದೆ, ಫಿಲ್ಮಿನಲ್ಲಿ ಅದು ಗಡ್ಡೆ ಬೆಳೆದ ಹಾಗೇ ಕಾಣುತ್ತದೆ. ಮೊದಲ ಕೆಲವು ತಿಂಗಳು ಇದು ಮಾಮೂಲು, ಗ್ಲಯೋಮಾಗಳಲ್ಲಿ ಇನ್ನೂ ಜಾಸ್ತಿ. ಮಗು ಹೇಗಿದೆ ಅನ್ನುವುದನ್ನೂ ಸೇರಿಸಿ ನೋಡಿ, ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ತೀರ್ಮಾನಿಸುತ್ತಾರೆ.

ಮಗು ಸದಾ ನಿದ್ದೆ ಮಾಡುತ್ತದೆ, ಊಟವೂ ಬೇಡ.

ಮುಗಿದ ನಾಲ್ಕರಿಂದ ಎಂಟು ವಾರಕ್ಕೆ ಹೀಗೆ ಅತಿಯಾದ ಮಂಪರು ಬರುವುದುಂಟು, ತಾನಾಗೇ ಹೋಗುತ್ತದೆ. ಆದರೆ ವಾಂತಿ, ತಲೆನೋವು, ಫಿಟ್ಸ್ ಜೊತೆಗಿದ್ದರೆ ಅವತ್ತೇ ತೋರಿಸಿ.

ಪ್ರೋಟಾನ್ ಕೊಡಿಸಿದರೆ ಗಡ್ಡೆ ಇನ್ನೂ ಚೆನ್ನಾಗಿ ಸಾಯುತ್ತಾ? ಜಮೀನು ಮಾರಿ ಆದರೂ ಕೊಡಿಸೋಣ ಅಂತಿದ್ದೇವೆ.

ಪ್ರೋಟಾನ್ ಅಂದರೆ ಎಕ್ಸ್‌ರೇ ಬದಲು ಅತಿ ಚಿಕ್ಕ ಕಣಗಳನ್ನು ಹಾಯಿಸುವ ರೇಡಿಯೇಷನ್. ಗಡ್ಡೆಯ ಕೋಶ ಸಾಯುವುದರಲ್ಲಿ ಎಕ್ಸ್‌ರೇಗೂ ಪ್ರೋಟಾನ್‌ಗೂ ಹೆಚ್ಚು ವ್ಯತ್ಯಾಸ ಇಲ್ಲ. ಲೆಕ್ಕ ಹಾಕುವಾಗ ಪ್ರೋಟಾನ್‌ನ ಪರಿಣಾಮ 1.1 ಪಟ್ಟು ಅಂತ ಹಿಡಿಯುತ್ತಾರೆ, ಅಷ್ಟೇ. ಲಾಭ ಇರುವುದು ಒಳ್ಳೆಯ ಕೋಶಗಳಿಗೆ. ಎಕ್ಸ್‌ರೇ ಗಡ್ಡೆ ದಾಟಿ ಆಚೆಗೂ ಹೋಗುತ್ತದೆ, ಪ್ರೋಟಾನ್ ಗೊತ್ತುಮಾಡಿದ ಆಳದಲ್ಲಿ ನಿಂತುಬಿಡುತ್ತದೆ. ಬೆನ್ನಿಗೆ ಕೊಡುವಾಗ ಎದೆ, ಹೊಟ್ಟೆಯ ಭಾಗ ಉಳಿಯುತ್ತದೆ. ಸಿಕ್ಕರೆ ಒಳ್ಳೆಯದೇ, ಮಕ್ಕಳಿಗಂತೂ. ಚೆನ್ನೈಯ ಅಪೋಲೋದಲ್ಲಿ 2019ರಿಂದ ಇದೆ, ಟಾಟಾ ಮೆಮೋರಿಯಲ್‌ನ ನವಿ ಮುಂಬೈ ಕೇಂದ್ರದಲ್ಲಿ 2023ರಿಂದ. ಆದರೆ ಅದಕ್ಕಾಗಿ ಕಾಯುತ್ತಾ ಚಿಕಿತ್ಸೆ ತಡವಾಗುವುದಾದರೆ, ಇದ್ದ ಒಂದೆಕರೆ ಹೋಗುವುದಾದರೆ, ಹತ್ತಿರದಲ್ಲೇ ಸರಿಯಾದ ಹೊತ್ತಿಗೆ ಸಿಗುವ ಒಳ್ಳೆಯ ಎಕ್ಸ್‌ರೇ ಚಿಕಿತ್ಸೆಯೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಮೈಸೂರಿನಲ್ಲೇ ಕೊಡಿಸಬಹುದಾ, ಬೆಂಗಳೂರಿಗೇ ಹೋಗಬೇಕಾ?

ರೇಡಿಯೇಷನ್ ಯಂತ್ರ ಮೈಸೂರಿನಲ್ಲೂ ಇದೆ. ನೀವು ಕೇಳಬೇಕಾದ್ದು: ಇಲ್ಲಿ ಮಕ್ಕಳ ಮೆದುಳು ಮತ್ತು ಬೆನ್ನುಹುರಿಗೆ ಒಟ್ಟಿಗೆ ಕೊಟ್ಟ ಅನುಭವ ಇದೆಯಾ? ದಿನಾ ಅರಿವಳಿಕೆ ಕೊಡುವವರು ಇದ್ದಾರಾ? ಮಕ್ಕಳ ಕ್ಯಾನ್ಸರ್ ಡಾಕ್ಟರ್ ಜೊತೆಗಿದ್ದಾರಾ? ಇಲ್ಲ ಅಂದರೆ ಬೆಂಗಳೂರಿನ ಕಿದ್ವಾಯಿ ಇದೆ, ಆಪರೇಷನ್‌ಗೆ ನಿಮ್ಹಾನ್ಸ್ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಮಂಡ್ಯದವರು ಮಿಮ್ಸ್‌ನಲ್ಲಿ, ಮೈಸೂರಿನವರು ಕೆ.ಆರ್. ಆಸ್ಪತ್ರೆ ಅಥವಾ ಚೆಲುವಾಂಬದಲ್ಲಿ ತೋರಿಸಿ ರೆಫರಲ್ ಪತ್ರದ ವಿಷಯ ಮೊದಲೇ ವಿಚಾರಿಸಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಯ ಒಬ್ಬರಿಗೂ ಟಿಕೆಟ್ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಪತ್ರ ತೆಗೆದುಕೊಳ್ಳಿ.

ಅರಿಶಿನದ ಮಾತ್ರೆ, ಆಂಟಿಆಕ್ಸಿಡೆಂಟ್ ಪುಡಿ ಕೊಡಬಹುದಾ?

ಸಾರಿನಲ್ಲಿ ಹಾಕುವ ಅರಿಶಿನಕ್ಕೆ ಯಾವ ತೊಂದರೆಯೂ ಇಲ್ಲ. ರಾಗಿ ಗಂಜಿ, ಬೇಳೆ, ಮೊಟ್ಟೆ, ಹಣ್ಣು ಎಲ್ಲ ಕೊಡಿ. ಆದರೆ ಹೆಚ್ಚು ಪ್ರಮಾಣದ ಆಂಟಿಆಕ್ಸಿಡೆಂಟ್ ಮಾತ್ರೆ ರೇಡಿಯೇಷನ್ ಮುಗಿಯುವ ತನಕ ಬೇಡ. ಕಿರಣ ಹುಟ್ಟಿಸುವ ಚುರುಕು ಕಣಗಳನ್ನೇ ಅವು ಹಿಡಿದುಹಾಕುತ್ತವೆ. ಗಡ್ಡೆ ಸಾಯಬೇಕಾದ್ದು ಆ ಕಣಗಳಿಂದಲೇ ಅಲ್ವಾ?

ಕಿವಿ ಮಂದವಾಗಿದೆ, ಆಪರೇಷನ್ ಆದಾಗಿನಿಂದ ಮಾತೂ ಇಲ್ಲ.

ಸಿಸ್‌ಪ್ಲಾಟಿನ್ ಎಂಬ ಔಷಧಿ ಮತ್ತು ಕಿರಣ ಎರಡೂ ಸೇರಿ ಒಳಗಿವಿಯ ಕೋಶಗಳನ್ನು ಹಾಳುಮಾಡಬಹುದು. ಅವು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಶುರುವಿಗೆ ಮೊದಲು, ನಡುವೆ, ಮುಗಿದ ಮೇಲೂ ಕಿವಿ ಪರೀಕ್ಷೆ ಆಗಬೇಕು. ಕಿರುಮೆದುಳಿನ ಆಪರೇಷನ್ ಆದ ಕೆಲವು ಮಕ್ಕಳು ವಾರಗಳ ಕಾಲ ಮಾತು ಬಿಡುತ್ತಾರೆ. ನಿಧಾನವಾಗಿ ಮರಳುತ್ತದೆ, ತರಬೇತಿ ಬೇಕು. ಈ ಎರಡಕ್ಕೂ ನಮ್ಮ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ. ದೇಶದ ಮೂಲೆ ಮೂಲೆಯಿಂದ ಅಲ್ಲಿಗೆ ಬರುತ್ತಾರೆ. ನಮಗೆ ಬಸ್ಸಿನ ದೂರ.

ಲ್ಯಾಬಿನಲ್ಲಿ ಹೊಸ ಔಷಧಿಯಿಂದ ಗಡ್ಡೆಯ ಕೋಶ ಸತ್ತಿತು ಅಂತ ವಾಟ್ಸಾಪಿನಲ್ಲಿ ಬಂದಿದೆ. ನಮಗೆ ಯಾವಾಗ ಸಿಗುತ್ತದೆ?

ಆ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ಸುದ್ದಿಯನ್ನು ಅಳೆಯುವುದು ಸುಲಭ. ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಕಿರಣ ಇಲ್ಲವೇ ಔಷಧಿ ಕೊಟ್ಟು, ಒಂದೆರಡು ವಾರ ಬಿಟ್ಟು, ಎಷ್ಟು ಕೋಶ ಮತ್ತೆ ಗುಂಪು ಕಟ್ಟಿದವು ಅಂತ ಎಣಿಸುತ್ತಾರೆ. ಕನಿಷ್ಠ 50 ಕೋಶ ಇದ್ದರೆ ಒಂದು ಗುಂಪು. 1956ರಲ್ಲಿ ಬಂದ ಈ ವಿಧಾನ ಇಂದಿಗೂ ನಡೆಯುತ್ತಿದೆ. ಆ ತಟ್ಟೆಯಲ್ಲಿ ರಕ್ತನಾಳ ಇಲ್ಲ, ಆಮ್ಲಜನಕ ಧಾರಾಳ. ಔಷಧಿಯನ್ನು ಮೆದುಳಿಗೆ ಹೋಗದಂತೆ ತಡೆಯುವ ರಕ್ತನಾಳದ ಗೋಡೆಯೂ ಇಲ್ಲ. ಅಲ್ಲಿ ಗೆದ್ದ ಔಷಧಿ ಮಗುವಿನ ತಲೆಯಲ್ಲೂ ಗೆಲ್ಲಬೇಕಾದರೆ ಇಲಿ, ಆಮೇಲೆ ಮನುಷ್ಯರ ಮೇಲಿನ ಹಂತಹಂತದ ಪರೀಕ್ಷೆ ದಾಟಬೇಕು.

ಆಸ್ಪತ್ರೆ ಬದಲಾಯಿಸುವಾಗ ಏನೇನು ತೆಗೆದುಕೊಂಡು ಹೋಗಬೇಕು?

ಎಂಆರ್‌ಐ ಸಿಡಿ, ಆಪರೇಷನ್ ವಿವರ, ಬಯಾಪ್ಸಿ ರಿಪೋರ್ಟ್, ರೇಡಿಯೇಷನ್ ಎಷ್ಟು ಗ್ರೇ ಎಲ್ಲೆಲ್ಲಿಗೆ ಆಯಿತು ಎನ್ನುವ ಹಾಳೆ. ಇವೆಲ್ಲಕ್ಕಿಂತ ಹೆಚ್ಚಾಗಿ, ಮೇಣದಲ್ಲಿ ಇಟ್ಟ ಗಡ್ಡೆಯ ತುಂಡು. ಲ್ಯಾಬಿನವರು ಇದನ್ನು ಬ್ಲಾಕ್ ಅನ್ನುತ್ತಾರೆ. ಗುಂಪು ಯಾವುದು, ಟಿಪಿ53 ಹೇಗಿದೆ, ಬಿಆರ್‌ಎಎಫ್ ಬದಲಾಗಿದೆಯಾ ಎಲ್ಲವನ್ನೂ ಮುಂದೆ ಎಂದಾದರೂ ನೋಡಬೇಕಾದರೆ ಅದರಿಂದಲೇ ನೋಡಬೇಕು. ಆಪರೇಷನ್ ಮಾಡಿದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಅರ್ಜಿ ಕೊಟ್ಟು ಕೇಳಿ. ರಸೀದಿ ತೆಗೆದುಕೊಳ್ಳಿ. ಬೇಸಿಗೆಯ ಬಿಸಿಲಿನಲ್ಲಿ ಬಸ್ಸಿನ ಕಿಟಕಿಯ ಪಕ್ಕ ಇಡಬೇಡಿ, ಮೇಣ ಮೆತ್ತಗಾಗಬಹುದು.